ಕೈಚೀಲದ ಗೊಂಬೆಯೂ ಮುಚ್ಚಿದ ಡಬ್ಬಿಯೂ

ಹೆಂಗಸರ ಕೈಚೀಲದೊಳಗೆ ಏನಿದೆಯೆಂಬುದು ಗಂಡಸರಿಗೆ ಬಹುಕಾಲದಿಂದ ಕುತೂಹಲದ ವಿಷಯ. ಈಚೆಗೆ ಎರಡು ಮೂರು ವರ್ಷಗಳಿಂದ ಚೀಲದ ಹೊರಗೆ ಏನಿದೆಯೆಂಬುದೂ ಅವರ ಚಿಂತೆಗೆ ಸೇರಿಕೊಂಡಿದೆ. ಚೀಲದ ಹಿಡಿಗೆ ಕೊಂಡಿ ಹಾಕಿ ತೂಗುಬಿಟ್ಟ ಗೊಂಬೆ, ಗೊಂಡೆ, ಮಣಿಸರ, ಉಣ್ಣೆಯ ಕರಡಿ, ಪ್ಲಾಸ್ಟಿಕ್ಕಿನ ಹಣ್ಣು ಇವೆಲ್ಲ ಬೆಂಗಳೂರಿನ ಮೆಟ್ರೋ ಗಾಡಿಯಲ್ಲಿಯೂ ಮೈಸೂರು, ಹುಬ್ಬಳ್ಳಿಗಳ ಕಾಲೇಜು ಬಾಗಿಲಲ್ಲಿಯೂ ಕಣ್ಣಿಗೆ ಬೀಳುತ್ತವೆ. ಅಂಗಡಿಯವರು ಇದಕ್ಕೆ ‘ಬ್ಯಾಗ್ ಚಾರ್ಮ್’ ಎನ್ನುತ್ತಾರೆ. ಕೆಲವರು ಕೀ ಚೈನೆಂದೇ ಕರೆಯುತ್ತಾರೆ. “ಮೂವತ್ತು ವರ್ಷದ ಹೆಂಗಸು ಗೊಂಬೆ ಕಟ್ಟಿಕೊಂಡು ಆಫೀಸಿಗೆ ಹೊರಟಳಲ್ಲ, ಕಾಲ ಕೆಟ್ಟಿತು!” ಎಂದು ಹುಬ್ಬು ಗಂಟಿಕ್ಕುವ ಹಿರಿಯರು ಮನೆಮನೆಯಲ್ಲಿದ್ದಾರೆ. ನಾನು ಇಲ್ಲಿ ಎರಡು ಪಕ್ಷದವರೊಡನೆ ಜಗಳವಾಡಬೇಕೆಂದಿದ್ದೇನೆ. ಮೊದಲನೆಯವರು ಈ ಗೊಂಬೆಯನ್ನು ಕಂಡು ನಗುವವರು. ಎರಡನೆಯವರು ಇದೇ ಗೊಂಬೆಯನ್ನು ಮುಚ್ಚಿದ ಡಬ್ಬಿಯಲ್ಲಿಟ್ಟು ಮಾರುವವರು. ಮೊದಲನೆಯವರದು ಬರಿಯ ಅವಿವೇಕ, ಎರಡನೆಯವರದು ಲೆಕ್ಕ ಹಾಕಿ ಮಾಡಿದ ವ್ಯಾಪಾರ. ಆದ್ದರಿಂದ ಎರಡನೆಯ ಜಗಳವೇ ದೊಡ್ಡದು.

ನಗುವ ಮಹನೀಯರನ್ನು ಮೊದಲು ವಿಚಾರಿಸಿಕೊಳ್ಳೋಣ. ಅವರ ಸ್ಕೂಟರಿನ ಬೀಗದ ಕೈಗೆ ತೂಗುವುದೇನು? ದೇವರ ಬಿಲ್ಲೆಯೋ, ಊರಿನ ಸಹಕಾರಿ ಬ್ಯಾಂಕು ಕೊಟ್ಟ ಪದಕವೋ ಒಂದಿದ್ದೇ ಇರುತ್ತದೆ. ಅವರ ಕಾರಿನ ಕನ್ನಡಿಗೆ ಏನು ತೂಗುತ್ತಿದೆಯೆಂದು ಅವರ ಹಿಂದೆ ಕುಳಿತವರನ್ನು ಕೇಳಬೇಕು. ಹೆದ್ದಾರಿಯ ಲಾರಿಗಳನ್ನು ನೋಡಿ: ಮುಂದೆ ನಿಂಬೆಹಣ್ಣು, ಮೆಣಸಿನಕಾಯಿ, ಪಕ್ಕದಲ್ಲಿ ಕರಿಯ ಚೌರಿ, ಹಿಂದೆ ಹಳೆಯ ಚಪ್ಪಲಿ. ಸಂಕ್ರಾಂತಿಯ ಎತ್ತನ್ನು ನೋಡಿ: ಕೊಂಬಿಗೆ ಬಣ್ಣ, ಕೊಂಬಿನ ತುದಿಗೆ ಹಿತ್ತಾಳೆಯ ಅಣಸು, ಹಣೆಗೆ ಗೊಂಡೆ, ಕೊರಳಿಗೆ ಗಂಟೆ. ನಮ್ಮ ಜನ ತಮ್ಮ ಹೊರೆ ಹೊರುವುದನ್ನು ಸಿಂಗರಿಸುವ ಜನ. ಕೆಲಸಕ್ಕೆ ಹೋಗುವ ಹೆಣ್ಣಿನ ಚೀಲವೂ ಹೊರೆ ಹೊರುವುದೇ. ಊಟದ ಡಬ್ಬಿ, ನೀರಿನ ಬಾಟಲಿ, ಕೊಡೆ, ಮಗುವಿನ ಔಷಧದ ಚೀಟಿ, 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನಲ್ಲಿ ತೋರಿಸುವ ಆಧಾರ್ ಕಾರ್ಡು ಇಷ್ಟನ್ನೂ ಹೊತ್ತು ಅದು ಬೆಳಗಿನಿಂದ ಸಂಜೆಯವರೆಗೆ ಅವಳ ಹೆಗಲಿನಲ್ಲಿರುತ್ತದೆ. ಎತ್ತಿಗೆ ಗೊಂಡೆ ಕಟ್ಟಿದಾಗ ಬಾರದ ಆಕ್ಷೇಪಣೆ ಚೀಲಕ್ಕೆ ಕಟ್ಟಿದಾಗ ಏಕೆ ಬರಬೇಕು?

ಇದು ನಿನ್ನೆ ಮೊನ್ನೆ ಹುಟ್ಟಿದ ಚಾಳಿಯೂ ಅಲ್ಲ. ನಮ್ಮ ಅಜ್ಜಿಯ ಸೊಂಟದಲ್ಲಿ ಒಂದು ಬೀಗದ ಕೈ ಗೊಂಚಲಿರುತ್ತಿತ್ತು. ಅದರಲ್ಲಿ ಉಗ್ರಾಣದ ಕೈ, ಪೆಟ್ಟಿಗೆಯ ಕೈಗಳ ಜೊತೆಗೆ ಮುಳ್ಳು ಕೀಳುವ ಚಿಮಟ, ಕಿವಿಯ ಗುಗ್ಗೆ ತೆಗೆಯುವ ಕಡ್ಡಿ, ಯಾವ ಕಾಲದ್ದೋ ಒಂದು ತೂತಿನ ಕಾಸು. ಅವಳು ನಡೆದು ಬಂದರೆ ಗೊಂಚಲಿನ ಸದ್ದಿನಿಂದಲೇ ಮನೆಗೆ ಗೊತ್ತಾಗುತ್ತಿತ್ತು. ಎಲೆಅಡಿಕೆಯ ಸಂಚಿಯ ದಾರಕ್ಕೂ ಗೊಂಡೆಯುಂಟು. ಲಂಬಾಣಿ ಹೆಂಗಸರ ಕಸೂತಿಯ ಚೀಲಗಳಲ್ಲಿ ಕವಡೆ, ಕನ್ನಡಿಚೂರು, ನಾಣ್ಯಗಳು ಅಂಚಿನಿಂದ ತೂಗುತ್ತವೆ. ಸಂಡೂರಿನ ಆ ಕಸೂತಿಗೆ ಭೌಗೋಳಿಕ ಗುರುತು ದೊರೆತು ವರ್ಷಗಳಾದುವು. ದೂರದ ಜಪಾನಿಗೆ ಹೋದರೆ, ಅಲ್ಲಿಯ ಕಿಮೋನೋ ಉಡುಪಿಗೆ ಜೇಬಿಲ್ಲ. ಎಡೋ ಕಾಲದ, ಎಂದರೆ 1603ರಿಂದ 1868ರವರೆಗಿನ ಗಂಡಸರು ಔಷಧದ ಪುಟ್ಟ ಭರಣಿಯನ್ನೂ ಹೊಗೆಸೊಪ್ಪಿನ ಚೀಲವನ್ನೂ ದಾರಕ್ಕೆ ಕಟ್ಟಿ ನಡುಪಟ್ಟಿಯಿಂದ ತೂಗುಬಿಡುತ್ತಿದ್ದರು. ದಾರ ಜಾರದಂತೆ ಮೇಲ್ತುದಿಗೆ ಕಟ್ಟುತ್ತಿದ್ದ ಕೆತ್ತನೆಯ ಗುಂಡಿಗೆ ನೆಟ್ಸುಕೆ ಎಂದು ಹೆಸರು. ಇಲಿ, ಮೊಲ, ಮಲಗಿದ ನಾಯಿ, ನಗುವ ಮುದುಕ, ಹೀಗೆ ಹೆಬ್ಬೆರಳಿನಷ್ಟರಲ್ಲಿ ಕೆತ್ತಿದ ಆ ಗೊಂಬೆಗಳನ್ನು ಇಂದು ಲೋಕದ ದೊಡ್ಡ ವಸ್ತುಸಂಗ್ರಹಾಲಯಗಳು ಗಾಜಿನ ಬೀರುವಿನಲ್ಲಿಟ್ಟಿವೆ. ಯೂರೋಪಿನ ಗೃಹಿಣಿಯರೂ ಹದಿನೆಂಟು, ಹತ್ತೊಂಬತ್ತನೆಯ ಶತಮಾನಗಳಲ್ಲಿ ಕತ್ತರಿ, ಬೀಗದ ಕೈ, ಮುದ್ರೆಗಳನ್ನು ಸರಪಳಿಗಳಲ್ಲಿ ಸೊಂಟದಿಂದ ತೂಗುಬಿಟ್ಟುಕೊಂಡು ಓಡಾಡಿದವರೇ. ಅವರಿಗೆಲ್ಲ ಬುದ್ಧಿ ಬೆಳೆದಿರಲಿಲ್ಲವೆಂದು ನಮ್ಮ ಮಹನೀಯರು ಹೇಳುವರೇನು?

ಈ ತೂಗುವ ವಸ್ತುಗಳಲ್ಲೆಲ್ಲ ಒಂದು ಸಾಮ್ಯವುಂಟು. ಒಂದೋ ಅವಕ್ಕೆ ಕೆಲಸವಿತ್ತು, ಇಲ್ಲವೆ ಕಥೆಯಿತ್ತು. ‘ಚಾರ್ಮ್’ ಎಂಬ ಇಂಗ್ಲಿಷ್ ಮಾತಿನ ಬೇರು ಲ್ಯಾಟಿನ್ನಿನಲ್ಲಿ ಹಾಡು ಅಥವಾ ಮಂತ್ರ ಎಂಬ ಅರ್ಥದ ಪದ. ನಮ್ಮಲ್ಲಿ ಅದಕ್ಕೆ ಸರಿಸಮನಾದುದು ತಾಯಿತ. ತಾಯಿತವನ್ನು ಯಾರೋ ಒಬ್ಬರು ನಮಗಾಗಿ ಕಟ್ಟುತ್ತಾರೆ. ಮಗುವಿಗೆ ಜ್ವರ ಬಂದಿತ್ತು, ಅಜ್ಜಿ ಹರಕೆ ಹೊತ್ತಳು, ಇಂಥ ಊರಿನಿಂದ ತಂದಳು, ಇಂಥ ದಿನ ಕಟ್ಟಿದಳು. ಈ ಕಥೆಯೇ ಅದರ ಬೆಲೆ. ನಂಬಿಕೆ ಇಲ್ಲದವರೂ ಅದನ್ನು ಬಿಚ್ಚಿ ಎಸೆಯಲು ಹಿಂದೆಮುಂದೆ ನೋಡುತ್ತಾರೆ, ಏಕೆಂದರೆ ಕಟ್ಟಿದ ಕೈ ನೆನಪಿಗೆ ಬರುತ್ತದೆ.

ಇಂದಿನ ಫ್ಯಾಷನ್ನಿನವರು ತಮ್ಮ ಕುಲದೇವತೆಯೆಂದು ಹೇಳಿಕೊಳ್ಳುವ ಜೇನ್ ಬರ್ಕಿನ್ನಳ ಚೀಲವೂ ಈ ಮಾತನ್ನೇ ಸಾರುತ್ತದೆ. ಇಂಗ್ಲೆಂಡಿನಲ್ಲಿ ಹುಟ್ಟಿ ಫ್ರಾನ್ಸಿನಲ್ಲಿ ನೆಲೆಸಿದ ಈ ನಟಿ, ಗಾಯಕಿ ಬಹುಕಾಲ ಬೆತ್ತದ ಬುಟ್ಟಿಯೊಂದನ್ನು ಹಿಡಿದು ತಿರುಗುತ್ತಿದ್ದವಳು. 1980ರ ದಶಕದಲ್ಲಿ ವಿಮಾನದಲ್ಲಿ ಅವಳ ಸಾಮಾನು ಚೆಲ್ಲಾಪಿಲ್ಲಿಯಾದಾಗ ಪಕ್ಕದಲ್ಲಿ ಕುಳಿತಿದ್ದವನು ಎರ್ಮೆಸ್ ಸಂಸ್ಥೆಯ ಮುಖ್ಯಸ್ಥ ಜಾನ್ ಲೂಯಿ ಡ್ಯುಮಾ. ಆ ಭೇಟಿಯಿಂದ ಅವಳ ಹೆಸರಿನ ಚೀಲ ಹುಟ್ಟಿತು. ಅಷ್ಟು ದುಬಾರಿಯ ಚೀಲವನ್ನು ಅವಳು ಪೂಜೆಗಿಡಲಿಲ್ಲ. ಅದಕ್ಕೆ ತಾನು ಬೆಂಬಲಿಸುತ್ತಿದ್ದ ಪರೋಪಕಾರಿ ಸಂಸ್ಥೆಗಳ ಚೀಟಿಗಳನ್ನು ಅಂಟಿಸಿದಳು, ಮಣಿಸರ ಸುತ್ತಿದಳು, ಉಗುರು ಕತ್ತರಿಯೊಂದನ್ನು ತೂಗುಬಿಟ್ಟಳು. 1994ರಲ್ಲಿ ಏಡ್ಸ್ ರೋಗಿಗಳ ನೆರವಿಗಾಗಿ ಅದನ್ನು ಹರಾಜಿಗೆ ಕೊಟ್ಟುಬಿಟ್ಟಳು. 2023ರ ಜುಲೈಯಲ್ಲಿ ಅವಳು ತೀರಿಕೊಂಡಳು. ಎರಡು ವರ್ಷದ ತರುವಾಯ, 2025ರ ಜುಲೈಯಲ್ಲಿ, ಅದೇ ಮೊದಲ ಚೀಲ ಪ್ಯಾರಿಸ್ಸಿನ ಹರಾಜಿನಲ್ಲಿ ಸುಮಾರು 86 ಲಕ್ಷ ಯೂರೋಗಳಿಗೆ ಹೋಯಿತು. ಹೊಸ ಚೀಲಕ್ಕೆ ಅಷ್ಟು ಬೆಲೆ ಯಾರೂ ಕೊಡುತ್ತಿರಲಿಲ್ಲ. ಅಂಟಿನ ಕಲೆ, ಸವೆದ ತೊಗಲು, ಆ ಉಗುರು ಕತ್ತರಿ, ಎಂದರೆ ಒಬ್ಬ ಹೆಂಗಸು ಬದುಕಿದ ಗುರುತು, ಇದಕ್ಕೆ ಬಿದ್ದ ಬೆಲೆ ಅದು.

ವ್ಯಾಪಾರಿಗಳು ಇದರಿಂದ ಕಲಿತ ಪಾಠವಾದರೂ ಏನು? ಬದುಕಿದ ಗುರುತಿಗೆ ಬೆಲೆಯುಂಟಾದರೆ ಅದನ್ನು ಕಾರ್ಖಾನೆಯಲ್ಲಿಯೇ ತಯಾರಿಸಿಬಿಡೋಣ ಎಂದು! ಈಗ ಮಣಿ, ಸರಪಳಿ, ಹಳೆಯದರಂತೆ ಕಾಣುವ ಬೀಗದ ಕೈ, ಯಾವ ಬಾಗಿಲನ್ನೂ ತೆರೆಯದ ಬೀಗದ ಕೈ, ಎಲ್ಲವನ್ನೂ ಒಂದೇ ಗೊಂಚಲಾಗಿ ಪೋಣಿಸಿ ಮಾರುತ್ತಾರೆ. ನೆನಪು ಕೂಡ ಸಿದ್ಧ ಉಡುಪಿನಂತೆ ಸಿದ್ಧವಾಗಿ ಸಿಗುತ್ತದೆ. ಇದು ಹುಚ್ಚಾಟವೆಂದು ನಕ್ಕು ಸುಮ್ಮನಿರಬಹುದಿತ್ತು. ಕೊಳ್ಳುವವರಿಗೆ ಕೊಳ್ಳುವುದು ಏನೆಂದಾದರೂ ಕಣ್ಣಿಗೆ ಕಾಣುತ್ತದಲ್ಲ. ನನ್ನ ನಿಜವಾದ ತಕರಾರು ಇದಕ್ಕಿಂತ ಮುಂದಿನ ಹೆಜ್ಜೆಯನ್ನು ಕುರಿತದ್ದು.

ಲಬುಬು ಎಂಬ ಗೊಂಬೆಯ ಹೆಸರನ್ನು ಓದುಗರು ಕೇಳಿಯೇ ಇರುತ್ತಾರೆ. ಮೊಲದ ಕಿವಿ, ಗರಗಸದ ಹಲ್ಲು, ತುಂಟ ನಗೆ. ಹಾಂಗ್‌ಕಾಂಗಿನಲ್ಲಿ ಹುಟ್ಟಿ ನೆದರ್‌ಲ್ಯಾಂಡ್ಸಿನಲ್ಲಿ ಬೆಳೆದ ಕಾಸಿಂಗ್ ಲುಂಗ್ ಎಂಬ ಕಲಾವಿದ 2015ರಲ್ಲಿ ಮಕ್ಕಳ ಚಿತ್ರಕಥೆಗಳಿಗಾಗಿ ಇದನ್ನು ಬರೆದ. 2019ರಲ್ಲಿ ಪಾಪ್ ಮಾರ್ಟ್ ಎಂಬ ಚೀನೀ ಸಂಸ್ಥೆ ಅದನ್ನು ತಯಾರಿಸಲು ತೊಡಗಿತು. 2023ರಲ್ಲಿ ಚೀಲಕ್ಕೆ ಸಿಕ್ಕಿಸುವ ಆಕಾರದಲ್ಲಿ ಗೊಂಬೆ ಹೊರಬಂತು. 2024ರಲ್ಲಿ ಥಾಯ್ಲೆಂಡ್ ಮೂಲದ ಗಾಯಕಿ ಲಿಸಾಳ ಚೀಲದಲ್ಲಿ ಕಾಣಿಸಿಕೊಂಡಿತು. ಅಲ್ಲಿಂದ ಲೋಕಕ್ಕೆ ಹುಚ್ಚು ಹಿಡಿಯಿತು. ಆ ಸಂಸ್ಥೆಯ 2024ರ ವರಮಾನ 1,300 ಕೋಟಿ ಯುವಾನ್ ದಾಟಿತು. ಅದರಲ್ಲಿ 300 ಕೋಟಿಗೂ ಮಿಗಿಲು ಲಬುಬು ಮತ್ತು ಅದರ ಬಳಗದ್ದೇ. 2025ರ ಮೇ ತಿಂಗಳಲ್ಲಿ ಬ್ರಿಟನ್ನಿನ ಅಂಗಡಿಗಳ ಮುಂದೆ ಜನ ಹೊಡೆದಾಡಿಕೊಂಡು, ಮಾರಾಟವನ್ನೇ ಕೆಲಕಾಲ ನಿಲ್ಲಿಸಬೇಕಾಯಿತು. ಮರುತಿಂಗಳು ಬೀಜಿಂಗಿನಲ್ಲಿ ಆಳೆತ್ತರದ ಗೊಂಬೆಯೊಂದು 10 ಲಕ್ಷ 80 ಸಾವಿರ ಯುವಾನಿಗೆ ಹರಾಜಾಯಿತು. ನಮ್ಮ ಲೆಕ್ಕದಲ್ಲಿ ಒಂದು ಕೋಟಿ ರೂಪಾಯಿಗೂ ಹೆಚ್ಚು.

ಕಲಾವಿದನ ಮೇಲೆ ನನ್ನದೇನೂ ಆಕ್ಷೇಪಣೆಯಿಲ್ಲ. ಗೊಂಬೆ ಚೆನ್ನಾಗಿಯೇ ಇದೆ. ಮಾರುವ ರೀತಿಯನ್ನು ನೋಡಿ. ಗೊಂಬೆ ಮುಚ್ಚಿದ ಡಬ್ಬಿಯಲ್ಲಿರುತ್ತದೆ. ಒಂದು ಸರಣಿಯಲ್ಲಿ ಆರು ಬಗೆ. ಯಾವ ಡಬ್ಬಿಯಲ್ಲಿ ಯಾವುದೆಂದು ಹೊರಗಿನಿಂದ ತಿಳಿಯುವಂತಿಲ್ಲ. ಇವುಗಳ ಮೇಲೆ ಒಂದು ಗುಟ್ಟಿನ ಗೊಂಬೆ. ಕೆಲವು ಸರಣಿಗಳಲ್ಲಿ ಅದು ಸಿಗುವ ಅವಕಾಶ 72ಕ್ಕೆ ಒಂದು. ಹಾಗಾದರೆ 72 ಡಬ್ಬಿ ಕೊಂಡರೆ ಸಿಕ್ಕೀತೆಂದು ತಿಳಿದರೆ ಅದೂ ಸುಳ್ಳು. ಒಂದೊಂದು ಡಬ್ಬಿಯ ಅದೃಷ್ಟವೂ ಬೇರೆಬೇರೆಯೆಂದಿಟ್ಟುಕೊಂಡು ಹೈಸ್ಕೂಲಿನ ಹುಡುಗನಿಂದ ಲೆಕ್ಕ ಮಾಡಿಸಿ ನೋಡಿ: 72 ಡಬ್ಬಿ ಕೊಂಡ ನೂರು ಮಂದಿಯಲ್ಲಿ ಸುಮಾರು 36 ಮಂದಿಗೆ ಗುಟ್ಟಿನ ಗೊಂಬೆ ಸಿಕ್ಕಿರುವುದಿಲ್ಲ. ಇದಕ್ಕೆ ‘ಬ್ಲೈಂಡ್ ಬಾಕ್ಸ್’ ಎಂದು ಹೆಸರು. ಕುರುಡಾಗಿರುವುದು ಡಬ್ಬಿಯಲ್ಲ, ಕೊಳ್ಳುವವರು. ಒಂದು ಸಂಸ್ಥೆಯ ಮಾತೂ ಇದಲ್ಲ. ಈ ಉಪಾಯ ಈಗ ರಬ್ಬರು, ಪೆನ್ನಿನ ಟೋಪಿ, ಶಾಲೆಯ ಚೀಲಕ್ಕೆ ಹಾಕುವ ಅಗ್ಗದ ಗೊಂಬೆಗಳವರೆಗೂ ಹಬ್ಬಿದೆ.

ಇದರ ಪರಿಣಾಮವನ್ನು ನಾನು ಕಣ್ಣಾರೆ ಕಂಡೆ. ನನ್ನ ನಾದಿನಿಯ ಮೊಮ್ಮಗಳು, ಒಂಬತ್ತು ವರ್ಷದವಳು, ಹುಟ್ಟುಹಬ್ಬಕ್ಕೆ ಬಂದ ದುಡ್ಡನ್ನು ಹಿಡಿದುಕೊಂಡು ನನ್ನನ್ನು ಒಂದು ಅಂಗಡಿಗೆ ಕರೆದೊಯ್ದಳು. “ಅಜ್ಜಿ, ನನಗೆ ನೀಲೀದು ಬೇಕು” ಎಂದಳು. ನೀಲಿಯದನ್ನು ಕೊಡಪ್ಪ ಎಂದರೆ ಅಂಗಡಿಯ ಹುಡುಗ, “ಹಾಗೆ ಕೊಡೋಕೆ ಬರಲ್ಲ ಮೇಡಂ, ಅದು ಲಕ್ಕು” ಎಂದ. ಮಗು ನಾಲ್ಕು ಡಬ್ಬಿ ಕೊಂಡಿತು. ಮೂರರಲ್ಲಿ ಒಂದೇ ಬಗೆಯ ಕಂದು ಗೊಂಬೆ, ನಾಲ್ಕನೆಯದರಲ್ಲಿ ಹಸುರು. ಒಂದನ್ನು ಬದಲಾಯಿಸಿಕೊಡೆಂದು ಕೇಳಿದರೆ ತೆರೆದ ಡಬ್ಬಿ ವಾಪಸು ಇಲ್ಲವಂತೆ. “ಇನ್ನೊಂದು ತಗೊಳ್ಳಿ ಮೇಡಂ, ಈ ಸಲ ನೀಲೀನೇ ಬರ್ಬಹುದು” ಎಂದು ನಗುತ್ತ ಹೇಳಿದ. ಹುಡುಗ ಸಂಬಳಕ್ಕೆ ದುಡಿಯುವವನು, ಅವನನ್ನು ಬಯ್ಯಲಾರೆ. ಆದರೆ ಆ ಮಾತು ನನಗೆ ಹಳೆಯ ಪರಿಚಯದ್ದು. ಬಸ್‌ಸ್ಟ್ಯಾಂಡಿನಲ್ಲಿ ಕೂಗುತ್ತಿದ್ದ ಲಾಟರಿಯವನ ಮಾತೇ ಅದು. ಮಗು ಮನೆಗೆ ಬರುವವರೆಗೆ ತುಟಿ ಬಿಚ್ಚಲಿಲ್ಲ. ಅದಕ್ಕೆ ಗೊಂಬೆ ಸಿಗದ ದುಃಖಕ್ಕಿಂತ, ತನ್ನ ಅದೃಷ್ಟವೇ ಕೆಟ್ಟದ್ದೆಂಬ ದುಃಖ ಹೆಚ್ಚಾಗಿತ್ತು. ಒಂಬತ್ತು ವರ್ಷಕ್ಕೆ ಈ ಪಾಠ ಬೇಕೆ?

ಲಾಟರಿಯಿಂದ ಮನೆಗಳು ಹಾಳಾಗುತ್ತವೆಂದು ಕರ್ನಾಟಕ ಸರ್ಕಾರ 2007ರಲ್ಲಿ ಅದನ್ನು ನಿಷೇಧಿಸಿತು. ಕೂಲಿಯವನ ಹತ್ತು ರೂಪಾಯಿಯ ಚೀಟಿಯಲ್ಲಿ ನಮಗೆ ಕಂಡ ಕೇಡು, ಮಾಲಿನ ತಂಪಿನಲ್ಲಿ ನೂರಾರು ರೂಪಾಯಿಯ ಡಬ್ಬಿಯಾದಾಗ ಕಾಣದೇ ಹೋಯಿತೆ? ಡಬ್ಬಿಯಲ್ಲಿ ಏನಾದರೊಂದು ಇದ್ದೇ ಇರುತ್ತದೆ, ಆದ್ದರಿಂದ ಇದು ಲಾಟರಿಯಲ್ಲವೆಂದು ವಕೀಲರು ವಾದಿಸಬಹುದು. ಆ ವಾದವನ್ನು ಕೋರ್ಟಿಗೆ ಬಿಡುತ್ತೇನೆ. ಮಗುವಿಗೆ ಬೇಕಾದದ್ದು ನೀಲಿ ಗೊಂಬೆ. ಅದಕ್ಕೆ ಮಾರಿದ್ದು ನೀಲಿ ಗೊಂಬೆಯ ಆಸೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಕೊಳ್ಳುವವರಿಗೆ ಸರಕಿನ ಗುಣ, ಪ್ರಮಾಣ, ಬೆಲೆಗಳನ್ನು ತಿಳಿಯುವ ಹಕ್ಕನ್ನು ಕೊಟ್ಟಿದೆ. ಬಣ್ಣವನ್ನು ತಿಳಿಯುವ ಹಕ್ಕು ಮಾತ್ರ ಏಕಿರಬಾರದು? ಈ ವ್ಯಾಪಾರ ಬೆಳೆದ ಚೀನಾ ದೇಶವೇ 2023ರಲ್ಲಿ ಅದಕ್ಕೆ ನಿಯಮ ಮಾಡಿತು: ಎಂಟು ವರ್ಷದೊಳಗಿನ ಮಕ್ಕಳಿಗೆ ಇಂಥ ಡಬ್ಬಿಯನ್ನು ಮಾರಕೂಡದು, ಅದಕ್ಕಿಂತ ದೊಡ್ಡ ಮಕ್ಕಳಿಗೆ ಪೋಷಕರ ಒಪ್ಪಿಗೆ ಬೇಕು, ಯಾವ ಗೊಂಬೆ ಎಷ್ಟಕ್ಕೊಂದು ಸಿಗುತ್ತದೆಂಬುದನ್ನು ತಿಳಿಸಬೇಕು. ಮಾಡಿ ಮಾರುವವರ ದೇಶದಲ್ಲಿ ಇರುವ ಎಚ್ಚರ ಕೊಳ್ಳುವವರ ದೇಶದಲ್ಲಿ ಇರಬೇಡವೆ?

“ಅವರ ದುಡ್ಡು, ಅವರ ಖುಷಿ; ನಿಮಗೇನು ಕಷ್ಟ?” ಎನ್ನುವವರುಂಟು. ದುಡಿಯುವ ಹೆಣ್ಣು ತನ್ನ ಸಂಬಳದಲ್ಲಿ ಏನು ಕೊಳ್ಳಬೇಕೆಂದು ಹೇಳುವ ಅಧಿಕಾರ ಯಾರಿಗೂ ಇಲ್ಲ, ನನಗಂತೂ ಇಲ್ಲ. ಅವಳು ಬೇಕಾದ್ದನ್ನು ಆರಿಸಿ ಕೊಳ್ಳಲಿ ಎಂಬುದೇ ನನ್ನ ವಾದ. ಆರಿಸಲು ಬಿಡದವರು ಡಬ್ಬಿಯವರು. “ಬಿಚ್ಚಿ ನೋಡುವ ಸೊಗಸೇ ಬೇರೆ, ಗುಟ್ಟಿನಲ್ಲಿಯೇ ಸಂತೋಷ” ಎನ್ನುವವರೂ ಉಂಟು. ಸರಿಯೆ. ನಮ್ಮಲ್ಲಿಯೂ ಮುಚ್ಚಿ ಕೊಡುವ ಪದ್ಧತಿಯಿದೆ. ಗೌರಿಹಬ್ಬದ ಬಾಗಿನವನ್ನು ಮೊರದ ಮೇಲೆ ಮೊರ ಮುಚ್ಚಿಯೇ ಕೊಡುತ್ತಾರೆ. ಆದರೆ ಒಳಗೆ ಅರಿಶಿನ, ಕುಂಕುಮ, ಬಳೆ, ಕನ್ನಡಿ, ಬಾಚಣಿಗೆ, ಧಾನ್ಯ, ತೆಂಗಿನಕಾಯಿ ಇವೆಯೆಂಬುದು ಕೊಡುವವಳಿಗೂ ಗೊತ್ತು, ತೆಗೆದುಕೊಳ್ಳುವವಳಿಗೂ ಗೊತ್ತು. ಕೊಡುವವಳು ಕಾಸು ಕೇಳುವುದಿಲ್ಲ. ಕನ್ನಡಿ ಬೇಕಾದರೆ ಇನ್ನೂ ಆರು ಬಾಗಿನ ತೆಗೆದುಕೋ ಎನ್ನುವುದಿಲ್ಲ.

ಇನ್ನು ನಕಲಿ ಗೊಂಬೆಗಳ ಮಾತು. ಅಸಲಿ ದುಬಾರಿಯಾದಲ್ಲಿ ನಕಲಿ ಹುಟ್ಟಲೇಬೇಕು. ನಮ್ಮ ಪೇಟೆಬೀದಿಗಳಲ್ಲಿ ತೂಗುವ ಲಬುಬುಗಳನ್ನು ಕೈಗೆ ತೆಗೆದುಕೊಂಡು ನೋಡಿದ್ದೇನೆ. ಕಣ್ಣು ಹಿಡಿದೆಳೆದರೆ ಕಿತ್ತು ಬರುವಂಥವು. 2025ರ ಆಗಸ್ಟಿನಲ್ಲಿ ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಇಂಥ ನಕಲಿಗಳು ಎಳೆಯ ಮಕ್ಕಳ ಗಂಟಲಿಗೆ ಸಿಕ್ಕಿಕೊಂಡು ಉಸಿರು ಕಟ್ಟಿಸಬಹುದೆಂದು ಎಚ್ಚರಿಕೆ ಕೊಟ್ಟಿತು. ನಮ್ಮ ದೇಶದಲ್ಲಿ 2021ರ ಜನವರಿ 1ರಿಂದ ಮಕ್ಕಳ ಆಟಿಕೆಗೆ ಐ.ಎಸ್.ಐ. ಗುರುತು ಕಡ್ಡಾಯವಾಗಿದೆ. ಬೀದಿಯ ಗೊಂಬೆಯಲ್ಲಿ ಆ ಗುರುತನ್ನು ಹುಡುಕಿ ನೋಡಿ. ಅಕ್ಕನ ಚೀಲದಿಂದ ತೂಗುವುದು ತಂಗಿಯ ತೊಟ್ಟಿಲಿಗೆ ಬರಲು ಎಷ್ಟು ಹೊತ್ತು ಬೇಕು?

ಇಷ್ಟು ಓದಿದವರು ನಾನೀಗ ಸ್ವದೇಶಿಯ ಉಪದೇಶಕ್ಕೆ ತೊಡಗುತ್ತೇನೆಂದು ಎಣಿಸಿರಬಹುದು. ಚನ್ನಪಟ್ಟಣದ ಗೊಂಬೆಯನ್ನು ಹೊಗಳುವುದು ನಮ್ಮಲ್ಲಿ ಸುಲಭದ ಪುಣ್ಯ. ಆಲೆಮರವನ್ನು ಚರಕಿಯಲ್ಲಿ ಕಡೆದು, ಬಣ್ಣದ ಅರಗನ್ನು ಒತ್ತಿ ಹಿಡಿದು, ಆ ಬಿಸಿಗೆ ಕರಗಿದ ಬಣ್ಣವನ್ನು ಹೊಳಪಿಗೆ ತರುವ ಆ ಕೈಗಳನ್ನು ಎಷ್ಟು ಹೊಗಳಿದರೂ ಸಲ್ಲುತ್ತದೆ. 2023ರಲ್ಲಿ ಮೈಸೂರಿನ ಹೊಸ ಹೆದ್ದಾರಿ ತೆರೆದು ವಾಹನಗಳು ಊರನ್ನು ಬಳಸಿ ಹೋಗತೊಡಗಿದ ಮೇಲೆ ಹಳೆಯ ರಸ್ತೆಯ ಗೊಂಬೆ ಅಂಗಡಿಗಳಿಗೆ ಗಿರಾಕಿ ಕಡಮೆಯಾದದ್ದೂ ನಿಜ. ಆದರೆ ನಾಳೆ ಚನ್ನಪಟ್ಟಣದವರೂ ಮುಚ್ಚಿದ ಡಬ್ಬಿಯಲ್ಲಿ ಮಾರಲು ಹೊರಟರೆ ನಾನು ಅವರ ಮೇಲೂ ಇದೇ ಜಗಳ ತೆಗೆಯುತ್ತೇನೆ. ಆ ರಸ್ತೆಬದಿಯ ಅಂಗಡಿಯಲ್ಲಿ ನನಗೆ ಹಿಡಿಸಿದ್ದು ಒಂದು ಸಂಗತಿ: ಗೊಂಬೆಗಳೆಲ್ಲ ಹೊರಗಿರುತ್ತವೆ. ಮಗು ಕೈಗೆತ್ತಿಕೊಂಡು, ಅಲ್ಲಾಡಿಸಿ, ಕೆಳಗಿಟ್ಟು, ಇನ್ನೊಂದನ್ನೆತ್ತಿ, ಕೊನೆಗೆ “ಇದು” ಎನ್ನುತ್ತದೆ. ಆ “ಇದು” ಎನ್ನುವ ಸ್ವಾತಂತ್ರ್ಯ ಗೊಂಬೆಗಿಂತ ದೊಡ್ಡದು.

ಚೀಲಕ್ಕೆ ತೂಗುವುದು ಸ್ವದೇಶಿಯೋ ವಿದೇಶಿಯೋ, ಚಿನ್ನವೋ ಚಿಂದಿಯೋ ನನಗೆ ಮುಖ್ಯವಲ್ಲ. ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತ ಹುಡುಗಿಯರನ್ನು ನಾನು ಕೇಳುವುದುಂಟು: “ಇದೆಲ್ಲಿಂದ ಬಂತಮ್ಮ?” ಒಬ್ಬಳು ಹಾಸ್ಟೆಲಿನ ಕೋಣೆಯ ನಂಬರಿನ ಬಿಲ್ಲೆ ತೋರಿಸಿದಳು, ಮೂವರು ಗೆಳತಿಯರು ಮೂರು ವರ್ಷ ಇದ್ದ ಕೋಣೆಯಂತೆ. ನರ್ಸ್ ಕೆಲಸದ ಇನ್ನೊಬ್ಬಳ ಚೀಲದಲ್ಲಿ ಮಗಳ ಕಾಲಿಗೆ ಸಾಲದಾದ ಗೆಜ್ಜೆಯಿತ್ತು. ರಾತ್ರಿಯ ಪಾಳಿಯಲ್ಲಿ ಅದರ ಸದ್ದು ಕೇಳಿದರೆ ಮನೆ ನೆನಪಾಗುತ್ತದಂತೆ. ಮತ್ತೊಬ್ಬಳ ಚೀಲದಲ್ಲಿದ್ದುದು ಸಾಕ್ಷಾತ್ ಲಬುಬು: ಮೊದಲ ಸಂಬಳದಲ್ಲಿ ತಮ್ಮ ಕೊಡಿಸಿದ್ದು. ಅವಳಿಗೂ ನನ್ನ ನಮಸ್ಕಾರ. ಇಂಥವರನ್ನು ಕಂಡು ನಗುವವರು ತಮ್ಮ ಸ್ಕೂಟರಿನ ಬೀಗದ ಕೈ ನೋಡಿಕೊಳ್ಳಲಿ.

ನಾನು ಕೇಳುವುದು ಮೂರೇ ಮಾತು. ಡಬ್ಬಿಯ ಮೇಲೆ ಒಳಗಿನ ಗೊಂಬೆಯ ಚಿತ್ರವನ್ನು ಅಚ್ಚುಮಾಡಲಿ. ಅದು ಆಗದಿದ್ದರೆ ಯಾವುದು ಎಷ್ಟಕ್ಕೊಂದು ಎಂಬುದನ್ನು ಬೆಲೆಯಷ್ಟೇ ದಪ್ಪ ಅಕ್ಷರದಲ್ಲಿ, ಕನ್ನಡದಲ್ಲಿಯೂ, ಬರೆಯಲಿ. ಹೇಗಿದ್ದರೂ ಶಾಲೆಯ ಮಕ್ಕಳಿಗೆ ಮುಚ್ಚಿದ ಡಬ್ಬಿ ಮಾರುವುದನ್ನು ಸರ್ಕಾರ ತಡೆಯಲಿ. ಲಾಟರಿಯನ್ನು ತಡೆದ ಸರ್ಕಾರಕ್ಕೆ ಇದು ಭಾರವಾಗದು. ಅಲ್ಲಿಯವರೆಗೆ ತಾಯಿತಂದೆಯರು ಮಕ್ಕಳ ಕೈ ಹಿಡಿದುಕೊಂಡು ಅಂಗಡಿಯವನಿಗೆ ಒಂದೇ ಮಾತು ಹೇಳಲಿ: ಹೊರಗೆ ತೂಗುಬಿಡುವ ಗೊಂಬೆಯನ್ನು ಹೊರಗಿಟ್ಟು ತೋರಿಸಪ್ಪ, ಆಮೇಲೆ ಕಾಸಿನ ಮಾತು.